ಪೆಟ್ಟಿಗೆ ಮುಚ್ಚುವ ಮುನ್ನ

ಮೊನ್ನೆ ಬಬಲೇಶ್ವರದ ಕಾರ್ಯಕ್ರಮಕ್ಕೆಂದು ಗೆಳೆಯನೊಬ್ಬ ಆಂಪ್ಲಿಫೈಯರ್ ಜೋಡಿಸುತ್ತಿದ್ದ. ಕಾದ ಬೆಸುಗೆ ಕಡ್ಡಿ ರಾಳಕ್ಕೆ ತಾಗಿ ಸಣ್ಣ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಮ್ಮ ಓಣಿಯ ರೇಡಿಯೋ ಕಾಕಾರ ಅಂಗಡಿಯಲ್ಲಿದ್ದೆ...

ವಿಜಾಪುರದ ತಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ರೇಡಿಯೋ ಇರಲಿ, ಆಂಪ್ಲಿಫೈಯರ್ ಇರಲಿ, ಅದರ ಕರುಳನ್ನೆಲ್ಲ ಮೊದಲು ಮೇಜಿನ ಮೇಲೆ ಹರವಿ, ಅಲ್ಲೇ ಮಾತಾಡಿಸಿ ನೋಡದೆ ಪೆಟ್ಟಿಗೆಗೆ ಸೇರಿಸುತ್ತಿರಲಿಲ್ಲ. ಮಾತಾಡಿಸಲು ನಾನಿದ್ದೆ. ಹೆಸರಿಗೆ ಕಾಲೇಜು, ಉದ್ಯೋಗ ಮಾತ್ರ ಊರ ಮಂದಿಯ ದನಿ ಕದಿಯುವುದು. ತೆಳು ದನಿಗೆ ನಮ್ಮ ಅಜ್ಜಿ, ಒಡಕು ದನಿಗೆ ಬಸ್ ಕಂಡಕ್ಟರ್, ದಪ್ಪ ದನಿಗೆ ಎಮ್ಮೆ. ನನ್ನ ಸ್ವಂತ ದನಿಯನ್ನು ಮಾತ್ರ ಕಾಕಾ ಬೇಡವೆನ್ನುತ್ತಿದ್ದರು. "ಅದು ಸೆಟ್ಟಿನ ತಪ್ಪೋ ನಿನ್ನ ತಪ್ಪೋ ತಿಳಿಯೂದಿಲ್ಲಲೇ!"

ತಿಕೋಟಾದ ದ್ರಾಕ್ಷಿ ತೋಟದ ಸಾಹುಕಾರರೊಬ್ಬರು ಮಗಳ ಮದುವೆಗೆ ಹೊಸ ಮೈಕ್ ಸೆಟ್ ಮಾಡಿಕೊಡಲು ಹೇಳಿದ್ದರು. ಸಂಜೆ ಅದೇ ಮೈಕಿನಲ್ಲಿ ನನ್ನ ಮೊಟ್ಟಮೊದಲ ಮಿಮಿಕ್ರಿ. ಸೆಟ್ ಕೈಕೊಟ್ಟರೆ ಕಾಕಾರ ಹೆಸರೂ, ಇನ್ನೂ ಹುಟ್ಟದ ನನ್ನ ಹೆಸರೂ ಒಂದೇ ಹೊಡೆತಕ್ಕೆ ಮಣ್ಣುಪಾಲು. ಸಾಹುಕಾರರು ಜೀಪು ತಂದು ಬಾಗಿಲಲ್ಲೇ ನಿಂತಿದ್ದರು.

"ದನಿ ಬರಾಕತ್ತೈತಲ್ರಿ, ಪೆಟ್ಟಿಗಿಗೆ ಹಾಕ್ರಿನ್ನ. ಬೀಗರು ಬರೂ ಹೊತ್ತಾತು!"

"ಇನ್ನೊಂದ್ ದನಿ ಉಳದೈತ್ರಿ," ಎಂದ ಕಾಕಾ ನನ್ನ ಕಡೆ ತಿರುಗಿದರು. "ಊರ ಮಂದೀನ್ನೆಲ್ಲಾ ಆಡಿಸಿದಿ. ನಂದ್ಯಾಕ ಬಿಟ್ಟಿ? ನನ್ನ ಹಿಂದ ಮಾಡ್ತೀಯಂತ ಗೊತ್ತೈತಿ. ಇವತ್ತ ಮುಂದ ಮಾಡು."

ಕದ್ದ ಮಾಲು ಸಿಕ್ಕಿಬಿದ್ದಿತ್ತು. ಆದರೂ ಬಿಡುವ ಪೈಕಿಯೇ ನಾನು? ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಮೈಕಿಗೆ ಅವರಂತೆಯೇ ಗುಡುಗಿದೆ: "ಏ, ಕೇಳಸ್ತೇನಬೇ? ಚಾ ತಾ!"

"ಬಂದೆ ತಡೀರಿ, ಕುದ್ಯಾಕತ್ತೈತಿ!" ಒಳಗಿನಿಂದ ಕಾಕೂ ಗಂಡನೆಂದೇ ಓಗೊಟ್ಟರು.

ಸಾಹುಕಾರರು ಬಿದ್ದು ಬಿದ್ದು ನಕ್ಕರು. ಕಾಕಾ ಮಾತ್ರ ಮೇಜಿನತ್ತ ಬಗ್ಗಿ ಕಿವಿಗೊಟ್ಟಿದ್ದರು. ಎಮ್ಮೆಗೂ ಜಗ್ಗದ ಸೆಟ್ಟು ಅವರ ದನಿಗೆ ಗೊರ್ ಎಂದು ಒದರಿ, ನಡುವೆ ಕಡಿದು ಹೋಗಿತ್ತು. ತಿರುವಿ ನೋಡಿದರೆ ಒಂದು ತಂತಿಗೆ ಬೆಸುಗೆ ಹಿಡಿದೇ ಇಲ್ಲ. ದನಿ ಎಮ್ಮೆಗಿಂತ ದಪ್ಪಗಾದಾಗ ನಡುಗಿ ಬಿಟ್ಟುಕೊಳ್ಳುತ್ತಿತ್ತು.

"ನೋಡ್ರಿ, ನನ್ನ ದನಿ ತಡ್ಕೊಳ್ಳಾಕ ನಾ ಮಾಡಿದ ಸೆಟ್ಟಿಗೇ ಆಗವಲ್ದು!" ಎಂದು ಆಗ ನಕ್ಕರು. ಹೊಸದಾಗಿ ಬೆಸೆದು, ನನ್ನಿಂದ ಮತ್ತೊಮ್ಮೆ ಚಾ ಕೇಳಿಸಿ, ಆಮೇಲೆ ಪೆಟ್ಟಿಗೆ ಮುಚ್ಚಿದರು. ಈ ಸಲ ಕಾಕೂ ಓಗೊಟ್ಟದ್ದು ಬೈಗುಳದಲ್ಲಿ.

ತಿಕೋಟಾದಲ್ಲಿ ಸೆಟ್ಟೂ ಕೆಡಲಿಲ್ಲ, ನಾನೂ ಕೆಡಲಿಲ್ಲ. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವರು ಕಾಕಾ, ತಮ್ಮದೇ ದನಿಗೆ.

ಅವರು ಹೋಗಿ ಮೂರು ವರ್ಷವಾಯಿತು. ಮೇಜಿದ್ದ ಜಾಗದಲ್ಲಿ ಕಾಕೂ ಜೋಳದ ಚೀಲ ಇಟ್ಟಿದ್ದಾರೆ...

ಮೊನ್ನೆ ಗೆಳೆಯ ಸೆಟ್ಟನ್ನು ಪೆಟ್ಟಿಗೆಗೆ ಇಳಿಸಲು ಹೋದಾಗ "ತಡಿ," ಎಂದೆ. ಅಜ್ಜಿ, ಕಂಡಕ್ಟರ್, ಎಮ್ಮೆ ಎಲ್ಲ ಆದ ಮೇಲೆ, ಹೊಟ್ಟೆ ಮುಂದೆ ಮಾಡಿ ಚಾ ಕೇಳಿದೆ. ಸೆಟ್ಟು ಒಂಚೂರೂ ಒದರಲಿಲ್ಲ.

"ಭಾಳ ಚಲೋ ಬಂತಲೇ! ಯಾರ ದನಿ ಇದು?" ಎಂದ ಗೆಳೆಯ.

ಚಲೋ ಬಂತೋ ಇಲ್ಲವೋ, ಅಸಲಿ ಕೇಳದ ಅವನಿಗೇನು ಗೊತ್ತು? ಒಳಬಾಗಿಲ ಕಡೆ ಕಿವಿಗೊಟ್ಟೆ. ಒಳಗಿನಿಂದ ಯಾರೂ ಓಗೊಡಲಿಲ್ಲ.

"ಇನ್ನ ಮುಚ್ಚು," ಎಂದೆ.