ಫೆಲಿಕ್ಸ್ ಅಂಕಲ್ ಕೇಳದ ಎರಡು ಕೊಟೇಶನ್

ನನಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಫೆಲಿಕ್ಸ್ ಅಂಕಲ್ ಅವರ ಸಣ್ಣ ವಿಮಾನಕ್ಕೆ ಆಟೋಪೈಲಟ್ ಕೂರಿಸಲು ಒಂದು ಲಕ್ಷ ದಿರ್ಹಮ್‌ಗಿಂತ ಹೆಚ್ಚೇ ಬೇಕು ಎಂದು ಲೆಕ್ಕ ಹಾಕಿ ನೋಡಿದ ಮೇಲೂ ನಾನು ಅವರಿಗೆ ಐವತ್ತು ಸಾವಿರದಲ್ಲಿ ಮುಗಿಯುತ್ತದೆ ಎಂದೆ. ವಿಮಾನವನ್ನು ಬಿಚ್ಚಿ ಹರಡಿದ ಮೇಲೆ ಅವರು ನನ್ನ ಮುಖ ನೋಡಿ ಕೇಳಿದಾಗ, ಮೊದಲು ಗೊತ್ತಿರಲಿಲ್ಲ ಎಂದೆ. ಒಂದು ಸುಳ್ಳನ್ನು ಆಸೆಯಿಂದ ಹೇಳಿದೆ, ಇನ್ನೊಂದನ್ನು ಹೆದರಿಕೆಯಿಂದ. ಅವರು ಮಾತ್ರ ಈ ಮೂರು ವರ್ಷ ದುಬೈಯಲ್ಲಿರುವ ನಮ್ಮೂರಿನವರ ಪ್ರತಿ ಕೂಟದಲ್ಲೂ ‘ಹಮೀದ್ ಹೇಳಿದ ಮೇಲೆ ಮುಗೀತು, ಅವನದ್ದು ಬಂಗಾರದಂಥಾ ಮಾತು’ ಎಂದು ಹೇಳಿಕೊಂಡು ಬಂದರು. ಅದನ್ನು ಕೇಳಿದವರು ಬಹಳ ಜನ ಇದ್ದಾರೆ. ಹಾಗಾಗಿಯೇ ಅವರಿಗೆ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದೂ ಹೇಳುತ್ತಿದ್ದೇನೆ.

ನನ್ನ ಊರು ಉಪ್ಪಿನಂಗಡಿಯ ಹತ್ತಿರ, ಮನೆಮಾತು ಬ್ಯಾರಿ. ಚಿಕ್ಕಂದಿನಲ್ಲಿ ಉಮ್ಮ ಬಂದವರಿಗೆಲ್ಲ ಎಚ್ಚರಿಕೆ ಕೊಡುತ್ತಿದ್ದರು — ಇವನ ಕೈಗೆ ಗಡಿಯಾರ ಕೊಡಬೇಡಿ, ಗಂಟೆ ನೋಡುವುದಿಲ್ಲ, ಬಿಚ್ಚುತ್ತಾನೆ. ದುಬೈಗೆ ಬಂದ ಹೊಸತರಲ್ಲಿ ರಾಸ್ ಅಲ್ ಖೋರಿನ ಗ್ಯಾರೇಜೊಂದರಲ್ಲಿ ಕಾರುಗಳ ವೈರಿಂಗ್ ಮಾಡುತ್ತಿದ್ದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕೆಲವು ಕಾರು ಅದೇ ವೇಗದಲ್ಲಿ ಹೋಗುತ್ತದಲ್ಲ, ಅದು ಹೇಗೆ ಎಂದು ನೋಡಲು ಹೋಗಿ ಗಿರಾಕಿಯೊಬ್ಬರ ಕಾರನ್ನು ಎರಡು ದಿನ ಹೆಚ್ಚು ಇಟ್ಟುಕೊಂಡು ಬೈಸಿಕೊಂಡಿದ್ದೇನೆ. ಆಮೇಲೆ ಓದಿದೆ, ಪರೀಕ್ಷೆ ಕಟ್ಟಿದೆ, ವಿಮಾನ ರಿಪೇರಿಯ ಲೈಸೆನ್ಸ್ ತೆಗೆದುಕೊಂಡೆ. ದುಬೈಯಿಂದ ಒಂದು ಗಂಟೆ ದೂರದ ಸಣ್ಣ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ, ಖಾಸಗಿ ವಿಮಾನಗಳ ವಿದ್ಯುತ್ ಉಪಕರಣ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಫೆಲಿಕ್ಸ್ ಅಂಕಲ್ ನನಗೆ ಪರಿಚಯವಾದದ್ದು ಅಲ್ಲಿಯೇ. ಬಜ್ಪೆ ಕಡೆಯ ಕೊಂಕಣಿ ಕ್ರೈಸ್ತರು, ದುಬೈಯ ಹೋಟೆಲೊಂದರಲ್ಲಿ ಪರ್ಚೇಸ್ ಮ್ಯಾನೇಜರ್. ಬೇರೆಯವರು ಊರಲ್ಲಿ ಎರಡು ಮಾಳಿಗೆಯ ಮನೆ ಕಟ್ಟುವ ದುಡ್ಡಲ್ಲಿ ಇವರು ನಾಲ್ಕು ಸೀಟಿನ, ನನಗಿಂತ ಹೆಚ್ಚು ವಯಸ್ಸಿನ ಒಂದು ವಿಮಾನ ಕೊಂಡಿದ್ದರು. ರಜೆಯ ದಿನ ಬಂದು ಅದನ್ನು ಒರೆಸುವುದು, ಒಂದು ಗಂಟೆ ಹಾರಿಸುವುದು, ಮತ್ತೆ ಒರೆಸುವುದು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಮೂರು ಅಂಗಡಿಯಿಂದ ಬೆಲೆ ಬರೆಸಿದ ಮೂರು ಕೊಟೇಶನ್ ಇಲ್ಲದೆ ಒಂದು ಸೋಪಿನ ಪೆಟ್ಟಿಗೆಯನ್ನೂ ತರಿಸಿದವರಲ್ಲ. ಗಲ್ಫಿನ ಎಲ್ಲ ಆಫೀಸಿನಲ್ಲೂ ಆ ನಿಯಮ ಇದೆ. ಎಷ್ಟೋ ಕಡೆ ಒಂದು ಅಸಲಿ, ಎರಡು ಬರಿಯ ತೋರಿಕೆಗೆ. ಇವರು ಹಾಗಲ್ಲ. ದುಬೈಯ ನೈಫ್ ಬಜಾರಿನ ಅಂಗಡಿಯವರು ಇವರನ್ನು ದೂರದಲ್ಲಿ ಕಂಡರೇ ಲೆಟರ್‌ಹೆಡ್ ಹುಡುಕುತ್ತಿದ್ದರಂತೆ. ಸ್ವಂತ ಮನೆಯ ಫ್ರಿಜ್‌ಗೂ ಮೂರು ಕೊಟೇಶನ್ ತಂದವರು ಎಂದು ಅವರ ಹೆಂಡತಿ ಸಿಲ್ವಿ ಆಂಟಿ ನಗುತ್ತಿದ್ದರು.

ಸಿಲ್ವಿ ಆಂಟಿ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಹೃದಯದ ವಾರ್ಡಿನ ನರ್ಸ್. ಗಂಡನ ವಿಮಾನದಲ್ಲಿ ಅವರು ಒಂದೇ ಒಂದು ಸಲವೂ ಕುಳಿತಿರಲಿಲ್ಲ. ಹೆದರಿಕೆ ಆಕಾಶದ್ದಲ್ಲ, ಗಂಡನ ಹೃದಯದ್ದು.

“ನಾನು ದಿನಾ ನೋಡುದು ಹಮೀದ್,” ಎಂದರು ಒಮ್ಮೆ, ಹ್ಯಾಂಗರಿಗೆ ಊಟದ ಬುತ್ತಿ ತಂದಿದ್ದಾಗ. “ಮಾತಾಡ್ತಾ ಮಾತಾಡ್ತಾ ಸುಮ್ಮನಾಗಿ ಬಿಡ್ತಾರೆ ಈ ಪ್ರಾಯದವರು. ಮೇಲೆ ಇವರಿಗೆ ಹಾಗೇನಾದ್ರೂ ಆದ್ರೆ ನಾನೆಂತ ಮಾಡುದು? ಹಾರನ್ ಹೊಡಿಯುದಾ?”

ಆಗ ನಾನೇ ಬಾಯಿ ಹಾಕಿದೆ. ಈಗ ಸಣ್ಣ ವಿಮಾನಕ್ಕೂ ಹೊಸ ನಮೂನೆಯ ಆಟೋಪೈಲಟ್ ಬಂದಿದೆ, ಅದರಲ್ಲಿ ಒಂದು ನೀಲಿ ಬಟನ್ ಇದೆ. ವಿಮಾನ ಹೇಗೇ ವಾಲಿರಲಿ, ಅದನ್ನೊತ್ತಿದರೆ ತಾನೇ ನೆಟ್ಟಗಾಗಿ ನೇರ ಹೋಗುತ್ತದೆ, ಅಷ್ಟರಲ್ಲಿ ರೇಡಿಯೋದಲ್ಲಿ ಸಹಾಯ ಕೇಳಬಹುದು ಎಂದೆ. ಆಂಟಿ ಚಮಚ ಕೆಳಗಿಟ್ಟರು. ಬಟನ್ ಎಲ್ಲಿರುತ್ತದೆ? ನನ್ನ ಸೀಟಿನಿಂದ ಕೈಗೆ ಎಟಕುತ್ತದಾ? ಬ್ಯಾಟರಿ ಹೋದರೆ? ಇಳಿಸುವುದನ್ನೂ ಅದೇ ಮಾಡುತ್ತದಾ? ಇಳಿಸುವುದಿಲ್ಲ ಎಂದಾಗ ಸ್ವಲ್ಪ ಯೋಚಿಸಿದರು. “ಆಯ್ತು. ಅದನ್ನು ಹಾಕಿಸಿದ್ರೆ ನಾನು ಕೂತ್ಕೊಳ್ತೇನೆ,” ಎಂದರು. ಫೆಲಿಕ್ಸ್ ಅಂಕಲ್ ಬಾಯಲ್ಲಿದ್ದ ತುತ್ತನ್ನು ಹಾಗೇ ಇಟ್ಟುಕೊಂಡು ಅವರನ್ನು ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಂದು ಸಂಜೆ ಒಂದು ರಟ್ಟಿನ ತುಂಡಿನ ಮೇಲೆ ಲೆಕ್ಕ ಬರೆದೆ. ಆಟೋಪೈಲಟ್ ಅಂದರೆ ಹೊರಗಿನವರು ಒಂದು ಪೆಟ್ಟಿಗೆ ಎಂದುಕೊಳ್ಳುತ್ತಾರೆ. ಪೆಟ್ಟಿಗೆ ಅದರ ಸಣ್ಣ ಪಾಲು. ರೆಕ್ಕೆಯ ತಂತಿ ಎಳೆಯಲು ಒಂದು ಮೋಟಾರು, ಬಾಲದ ತಂತಿಗೆ ಇನ್ನೊಂದು; ಅವನ್ನು ಕೂರಿಸಲು ಆ ವಿಮಾನದ ಅಳತೆಗೇ ಮಾಡಿದ, ಒಪ್ಪಿಗೆ ಪಡೆದ ಬ್ರಾಕೆಟ್ಟುಗಳು. ವಿಮಾನ ವಾಲಿದೆಯೋ ಇಲ್ಲವೋ ಎಂದು ತೋರಿಸುವ ಹಳೆಯ ಗೇಜು ಗಾಳಿಯ ಬಲದಿಂದ ತಿರುಗುವಂಥದ್ದು — ಹೊಸ ಯಂತ್ರಕ್ಕೆ ಅದರ ಭಾಷೆಯೇ ತಿಳಿಯದು, ಹಾಗಾಗಿ ವಿದ್ಯುತ್ತಿನ ಹೊಸ ಗೇಜು ಬೇಕು. ಸವೆದ ಹಳೆಯ ವೈರು ಬದಲಿಸಬೇಕು. ಕಾಗದಪತ್ರ, ಪರೀಕ್ಷಾ ಹಾರಾಟ, ನಮ್ಮ ಕೂಲಿ. ಕೂಡಿಸಿದೆ. ಒಂದು ಲಕ್ಷದ ಹದಿನೈದು ಸಾವಿರ. ವಿಮಾನದ ಬೆಲೆಯೇ ಅದಕ್ಕಿಂತ ಬಹಳವೇನೂ ಹೆಚ್ಚಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ನಾನೇ ನಕ್ಕೆ.

ನಕ್ಕ ಮೇಲೆ — ನನ್ನ ಮನಸ್ಸು ಏನು ಮಾಡಿತು ಎಂದು ಇಂದಿಗೂ ಬಿಚ್ಚಿ ನೋಡುತ್ತಿದ್ದೇನೆ. ಆ ಯಂತ್ರದ ಪುಸ್ತಕಗಳನ್ನು ಎರಡು ವರ್ಷದಿಂದ ಓದುತ್ತಿದ್ದೆ. ಒಂದನ್ನೂ ಕೈಯಿಂದ ಮುಟ್ಟಿರಲಿಲ್ಲ. ಗಾಳಿ ಒಂದು ಕಡೆ ತಳ್ಳಿದಾಗ ಆ ಮೋಟಾರು ಎಷ್ಟು ಮೆಲ್ಲಗೆ, ಎಷ್ಟು ಬೇಗ ತಂತಿಯನ್ನು ಎಳೆಯುತ್ತದೆ? ಅದಕ್ಕೆ ಹೇಗೆ ಗೊತ್ತಾಗುತ್ತದೆ? ಇದನ್ನು ನೋಡಬೇಕಿತ್ತು ನನಗೆ. ಒಂದು ಲಕ್ಷ ಎಂದರೆ ಅವರು ಬಿಟ್ಟುಬಿಡುತ್ತಾರೆ ಎಂದು ಗೊತ್ತಿತ್ತು. ಕಮಿಷನ್ ಇರಲಿಲ್ಲ, ಬಡ್ತಿಯ ಆಸೆಯೂ ಇರಲಿಲ್ಲ. ದುಡ್ಡಿನಾಸೆಗೆ ಮಾಡಿದ್ದರೆ ಹೇಳಿಕೊಳ್ಳುವುದು ಸುಲಭವಾಗುತ್ತಿತ್ತೋ ಏನೋ.

“ಐವತ್ತು ಸಾವಿರದಲ್ಲಿ ಮುಗಿಯುತ್ತೆ ಅಂಕಲ್,” ಎಂದೆ. “ಬೇಕಾದ್ರೆ ಇನ್ನೆರಡು ಕಡೆ ಕೊಟೇಶನ್ ತೆಗೀರಿ.”

ಇಲ್ಲಿ ಅವರು ತಮ್ಮ ಮೂವತ್ತು ವರ್ಷದ ನಿಯಮವನ್ನು ಮುರಿದರು. “ಎಂಥ ಕೊಟೇಶನ್ ಮಾರಾಯ! ಊರಿನವ ನೀನು ಹೇಳಿದ ಮೇಲೆ ನಾನು ಬೇರೆಯವರ ಹತ್ರ ಕೇಳುದಾ? ಅದು ನಿನಗೆ ಮರ್ಯಾದೆಯಾ, ನನಗೆ ಮರ್ಯಾದೆಯಾ? ಖಲಾಸ್, ಶುರು ಮಾಡು.” ಕಾಗದದಲ್ಲಿ ಬರೆದು ಕೊಡು ಎಂದೂ ಕೇಳಲಿಲ್ಲ. ಅರಬರು, ಇಂಗ್ಲಿಷರು, ಪಾಕಿಸ್ತಾನಿಗಳು — ಯಾರನ್ನೂ ಪೂರ್ತಿ ನಂಬದೆ ನೌಕರಿ ಮಾಡಿದ ಮನುಷ್ಯ ತುಳುವಿನಲ್ಲಿ ಎರಡು ಮಾತಾಡುವ ನನ್ನನ್ನು ನಂಬಿದರು. ನಾನು ರಟ್ಟಿನ ತುಂಡನ್ನು ಟೂಲ್‌ಬಾಕ್ಸಿನ ತಳದಲ್ಲಿ ಇಟ್ಟೆ.

ನಮ್ಮ ಕಸುಬಿನಲ್ಲಿ ಒಂದು ಹಳೆಯ ಚಾಳಿ ಇದೆ: ಮೊದಲು ಪೆಟ್ಟಿಗೆಯ ಬೆಲೆ ಹೇಳು, ಉಳಿದದ್ದನ್ನು ಬಿಚ್ಚಿದ ಮೇಲೆ ಹೇಳು. ಬಿಚ್ಚಿದ ವಿಮಾನ ಎದ್ದು ಬೇರೆ ಹ್ಯಾಂಗರಿಗೆ ಹೋಗುವುದಿಲ್ಲವಲ್ಲ. ಆ ಚಾಳಿಯನ್ನು ಬೈಯುತ್ತಿದ್ದವರಲ್ಲಿ ನಾನೂ ಒಬ್ಬ. ಬೈಯುತ್ತಲೇ ಅದನ್ನೇ ಮಾಡಿದೆ. ಸೀಟು ತೆಗೆದೆ, ನೆಲದ ತಗಡು ತೆಗೆದೆ, ರೆಕ್ಕೆಯ ಅಡಿಯ ಮುಚ್ಚಳ ತೆಗೆದೆ. ಎಷ್ಟು ಖುಷಿಯಾಗಿದ್ದೆ ಎಂದರೆ — ಇದನ್ನು ಬರೆಯಲು ನಾಚಿಕೆ — ಕೆಲಸಕ್ಕೆ ಅರ್ಧ ಗಂಟೆ ಮೊದಲೇ ಬರುತ್ತಿದ್ದೆ.

ಎರಡು ತಿಂಗಳಾದ ಮೇಲೆ ಅಂಕಲ್‌ರನ್ನು ಕರೆದು, ಆಗಷ್ಟೇ ಕಂಡವನಂತೆ ಹಳೆಯ ಗೇಜು, ಹಳೆಯ ವೈರು ತೋರಿಸಿದೆ. ಇನ್ನೂ ಅರವತ್ತೈದು ಸಾವಿರ ಬೇಕಾಗಬಹುದು ಎಂದೆ. ಹ್ಯಾಂಗರಿನ ಫ್ಯಾನು ತಿರುಗುತ್ತಿತ್ತು. ಅವರು ಬಿಚ್ಚಿಟ್ಟ ಸೀಟಿನ ಮೇಲೆಯೇ ಕುಳಿತರು.

“ಇದು ನಿನಗೆ ಮೊದಲೇ ಗೊತ್ತಿತ್ತಾ ಹಮೀದ್?”

“ಇಲ್ಲ ಅಂಕಲ್. ಬಿಚ್ಚಿದ ಮೇಲೆಯೇ ಗೊತ್ತಾದದ್ದು.”

ಆಗ ಹೇಳಬಹುದಿತ್ತು. ಹೇಳಿದ್ದರೆ ಬೈಯುತ್ತಿದ್ದರು, ಎಲ್ಲವನ್ನೂ ಮತ್ತೆ ಮೊದಲಿನಂತೆ ಜೋಡಿಸು ಎನ್ನುತ್ತಿದ್ದರು, ಎರಡು ವಾರದಲ್ಲಿ ವಿಮಾನ ಹಾರುತ್ತಿತ್ತು. ಅವರು ಎದ್ದು ನನ್ನ ಬೆನ್ನು ತಟ್ಟಿ, “ಪಾಪ, ನೀನೆಂತ ಮಾಡುದು, ಹಳೇ ಗಾಡಿ,” ಎಂದರು. ನನ್ನನ್ನೇ ಸಮಾಧಾನ ಮಾಡಿದರು! ಸಂಬಳದಿಂದ ಉಳಿಸಿ ಉಳಿಸಿ ತಿಂಗಳಿಗಿಷ್ಟು ಎಂದು ಕೊಟ್ಟರು. ಅಷ್ಟಷ್ಟಕ್ಕೆ ಸಾಮಾನು ಬಂತು. ವಿಮಾನ ಹನ್ನೊಂದು ತಿಂಗಳು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅವರು ರಜೆಯ ದಿನ ಬಂದು ಅದನ್ನು ಒರೆಸುವುದನ್ನು ಮಾತ್ರ ಬಿಡಲಿಲ್ಲ.

ಕೆಲಸ ಮುಗಿಯಲು ಮೂರು ವಾರ ಇರುವಾಗ ಅವರ ವೈದ್ಯಕೀಯ ತಪಾಸಣೆ ಬಂತು. ಪೈಲಟ್ ಲೈಸೆನ್ಸ್ ನಡೆಯಬೇಕಾದರೆ ಆ ಪ್ರಮಾಣಪತ್ರ ಬೇಕೇ ಬೇಕು. ಎದೆಬಡಿತದಲ್ಲಿ ತಾಳ ತಪ್ಪಿದೆ ಎಂದರು. ಪ್ರಮಾಣಪತ್ರ ಸಿಗಲಿಲ್ಲ, ಮತ್ತೆ ಸಿಗುವುದೂ ಇಲ್ಲ. ಆಂಟಿ ಹೆದರಿದ್ದು ಸರಿಯೇ ಆಗಿತ್ತು. ಆದರೆ ಆ ಹನ್ನೊಂದು ತಿಂಗಳು ಅಂಕಲ್ ಬಳಿ ಪ್ರಮಾಣಪತ್ರ ಇತ್ತು, ಇಲ್ಲದ್ದು ವಿಮಾನ.

ಪರೀಕ್ಷಾ ಹಾರಾಟಕ್ಕೆ ಕ್ಲಬ್ಬಿನ ಪೈಲಟ್ ಒಬ್ಬರು ಬಂದರು, ಉಪಕರಣ ನೋಡಿಕೊಳ್ಳಲು ಪಕ್ಕದಲ್ಲಿ ನಾನು. ಫೆಲಿಕ್ಸ್ ಅಂಕಲ್ ಮತ್ತು ಸಿಲ್ವಿ ಆಂಟಿ ಹ್ಯಾಂಗರಿನ ನೆರಳಲ್ಲಿ ನಿಂತು ಕೈ ಬೀಸಿದರು. ಆಂಟಿಯ ಸೀಟಿನಲ್ಲಿ ನಾನು ಕುಳಿತಿದ್ದೆ — ಅವರು ಕುಳಿತುಕೊಳ್ಳುತ್ತೇನೆ ಎಂದಿದ್ದ ಅದೇ ಸೀಟು. ಮೇಲೆ ಹೋಗಿ ಪೈಲಟ್ ಬೇಕೆಂದೇ ವಿಮಾನವನ್ನು ವಾಲಿಸಿ, “ಯಲ್ಲಾ, ಪ್ರೆಸ್,” ಎಂದರು. ನಾನು ನೀಲಿ ಬಟನ್ ಒತ್ತಿದೆ. ಅಲ್ಲಿ ಆದದ್ದನ್ನು ನೋಡಿ ನನಗೆ ನಗು ಬಂತು, ಜೋರಾಗಿ ನಕ್ಕುಬಿಟ್ಟೆ. ಕೆಳಗೆ ಇಳಿದಾಗ ಅಂಕಲ್ “ಸರಿ ಉಂಟಾ?” ಎಂದಷ್ಟೇ ಕೇಳಿದರು. “ಸರಿ ಉಂಟು,” ಎಂದೆ. ಆ ಮೇಲೆ ವಿಮಾನವನ್ನು ಮಾರಿದರು.

ಅವರು ನಿವೃತ್ತರಾದರು. ಈಗ ಹೆಂಡತಿಯ ವೀಸಾದ ಮೇಲೆ ಅಬುಧಾಬಿಯ ಬನಿಯಾಸ್‌ನಲ್ಲಿ ಇದ್ದಾರೆ, ಆಂಟಿಯ ಆಸ್ಪತ್ರೆಗೆ ಹತ್ತಿರವೆಂದು. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಕೊಡಲು ನನ್ನನ್ನು ಕರೆಯುತ್ತಾರೆ, ನಮ್ಮ ಈದ್ ಪೆರ್ನಾಳಿಗೆ ನಾನು ಬಿರಿಯಾನಿ ಒಯ್ಯುತ್ತೇನೆ. ಕಳೆದ ಸಲ ಬಿರಿಯಾನಿ ಬಡಿಸುತ್ತಾ ಆಂಟಿ, ಏನೋ ಮಾತಿಗೆ ಮಾತು ಬಂದು, ತೀರಾ ಸಾಮಾನ್ಯವಾಗಿ ಹೇಳಿದರು: “ಅಷ್ಟು ಖರ್ಚು ಉಂಟು ಅಂತ ಶುರುವಿಗೇ ಗೊತ್ತಿದ್ರೆ ನಾನೇ ಬೇಡ ಹೇಳ್ತಿದ್ದೆ. ಕಣ್ಣು ಮುಚ್ಚಿ ಒಂದು ಸಲ ಹಾಗೇ ಕೂತ್ಕೊಳ್ತಿದ್ದೆ ಇವರೊಟ್ಟಿಗೆ. ಎಂತಾಗ್ತಿತ್ತು?”

ಅಲ್ಲಿಯವರೆಗೆ ನಾನು ಹೇಳಿಕೊಂಡಿದ್ದ ಸಮಾಧಾನ ಒಂದೇ — ಆ ಯಂತ್ರವಿಲ್ಲದೆ ಆಂಟಿ ಹೇಗೂ ಕೂರುತ್ತಿರಲಿಲ್ಲ, ಹಾಗಾಗಿ ನಾನು ಕಳೆದದ್ದು ಅವರ ದುಡ್ಡು ಮಾತ್ರ. ಅದೂ ಹೋಯಿತು.

ಕಳೆದ ಭಾನುವಾರ, ಅವರು ಇಗರ್ಜಿಯಿಂದ ಬರುವ ಹೊತ್ತಿಗೆ ಹೋದೆ. ಟೂಲ್‌ಬಾಕ್ಸಿನ ತಳದಿಂದ ಆ ರಟ್ಟಿನ ತುಂಡನ್ನು ತೆಗೆದುಕೊಂಡು ಹೋಗಿದ್ದೆ. ಮೇಜಿನ ಮೇಲೆ ಇಟ್ಟು, ಯಾವ ದಿನ ಬರೆದದ್ದು ಎಂದು ಹೇಳಿದೆ. ಅಂಕಲ್ ಕನ್ನಡಕ ಹಾಕಿಕೊಂಡು, ಹಳೆಯ ಅಭ್ಯಾಸದಂತೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಮೊತ್ತದ ಕೆಳಗೆ ಬೆರಳು ನಿಂತಿತು. ಆಂಟಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೈಯಬಹುದು, ಹೊರಗೆ ಹೋಗು ಎನ್ನಬಹುದು ಎಂದುಕೊಂಡಿದ್ದೆ. ಅಂಕಲ್ ಕನ್ನಡಕ ತೆಗೆದರು.

“ನೀನು ಹಾರಿ ಇಳಿದ ದಿನ ನಾನು ಕೇಳ್ಲಿಲ್ಲ,” ಎಂದರು. “ಕೇಳಿದ್ರೆ ತಡ್ಕೊಳ್ಳಿಕ್ಕೆ ಆಗ್ತಿರ್ಲಿಲ್ಲ. ಈಗ ಹೇಳು. ನೀಲಿ ಬಟನ್ ಒತ್ತಿದಾಗ ಹೇಗಾಯ್ತು?”

ಹೇಳಿದೆ. ಹೇಳದೆ ಹೇಗೆ ಇರಲಿ? ಎಡಕ್ಕೆ ವಾಲಿದ್ದ ರೆಕ್ಕೆ ಮೆಲ್ಲಗೆ ಮೇಲೆ ಬಂತು ಎಂದೆ. ಯಾರೂ ಮುಟ್ಟದ ಸ್ಟಿಯರಿಂಗಿನ ಹಿಡಿ ನಮ್ಮ ಮುಂದೆ ತಾನೇ ತಿರುಗಿತು, ಸ್ವಲ್ಪ ಹೆಚ್ಚಾಯಿತೆಂದು ತಾನೇ ಹಿಂದೆ ಬಂತು, ನಿಂತಿತು ಎಂದೆ. ಮುಂದೆ ಸಮುದ್ರ, ಕೆಳಗೆ ಮರಳು, ಗೆರೆ ಎಳೆದ ಹಾಗೆ ನೇರ ಹೋದೆವು ಎಂದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಎಡಗೈ ಮೇಜಿನ ಮೇಲೆ, ಹಿಡಿ ಹಿಡಿದವರಂತೆ ಮಡಚಿತ್ತು. ನಾನು ಹೇಳಿದಂತೆ ಸ್ವಲ್ಪ ಬಲಕ್ಕೆ ತಿರುಗಿ, ಸ್ವಲ್ಪ ಹಿಂದೆ ಬಂದು, ನಿಂತಿತು. ಒಳಗಿನ ಬಾಗಿಲು ತೆರೆಯಲಿಲ್ಲ.

ರಟ್ಟಿನ ತುಂಡನ್ನು ಅವರು ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ. ಸಿಲ್ವಿ ಆಂಟಿ ಇನ್ನೂ ನನ್ನೊಂದಿಗೆ ಮಾತಾಡಿಲ್ಲ. ಮುಂದಿನ ಪೆರ್ನಾಳಿಗೆ ಬಿರಿಯಾನಿ ಒಯ್ದು ಅವರ ಬಾಗಿಲ ಮುಂದೆ ನಿಲ್ಲುತ್ತೇನೆ; ತೆಗೆಯುವುದು, ತೆಗೆಯದೇ ಇರುವುದು ಅವರಿಗೆ ಬಿಟ್ಟದ್ದು.