ಯಜಮಾನನ ಧರ್ಮಕ್ಕೆ ಒಂದೇ ಕಾಲಂ

ಟಿ. ನರಸೀಪುರಕ್ಕೆ ಬಂದ ಎರಡನೇ ವಾರ ಬಸ್ ನಿಲ್ದಾಣದಲ್ಲಿ ಯೋಹಾನಪ್ಪನವರನ್ನು ಕಂಡು ಹೆಸರು ಹಿಡಿದು ಕರೆದೆ. ಹಿಂದಿನ ಭಾನುವಾರ ಪ್ರಾರ್ಥನಾ ಮನೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಹಾಡಿದವರು ಅವರೇ. ತಿರುಗಿಯೂ ನೋಡಲಿಲ್ಲ. ಬಸ್ಸಿನೊಳಗೆ ಹತ್ತಿರ ಬಂದು, ಹೊರಗೆ ತಮ್ಮನ್ನು ಮಾದಯ್ಯ ಎಂದೇ ಕರೆಯಬೇಕೆಂದು ಮೆಲ್ಲಗೆ ಹೇಳಿದರು.

ನನ್ನ ಊರು ಮಂಗಳೂರಿನಲ್ಲಿ ನಮ್ಮ ಕ್ರೈಸ್ತರಿಗೆ ಒಂದೇ ಹೆಸರು. ಅಲ್ಲಿ ಚರ್ಚಿನ ಗಂಟೆ ಹೊಡೆದರೆ ಅರ್ಧ ಬೀದಿ ಎದ್ದು ಹೊರಡುತ್ತದೆ. ಇಲ್ಲಿ ಪ್ರಾರ್ಥನಾ ಮನೆಯೆಂದರೆ ನಾಡಹೆಂಚಿನ ಒಂದು ಕೋಣೆ, ನೆಲಕ್ಕೆ ಚಾಪೆ. ಶಾಲೆಯ ಕೆಲಸಕ್ಕೆಂದು ಬಂದ ನನಗೆ ಬಾಡಿಗೆ ಮನೆ ಸಿಗಲು ಎರಡು ತಿಂಗಳು ಹಿಡಿಯಿತು. ಕುಚ್ಚಲಕ್ಕಿ ಸಿಗಲೇ ಇಲ್ಲ. ಮುದ್ದೆ ನುಂಗುವುದನ್ನು ಕಲಿಸಿದವರು ಮಾದಯ್ಯನವರ ಹೆಂಡತಿ ಚಿಕ್ಕತಾಯಮ್ಮ. ನಾನು ಅಗಿಯುವುದನ್ನು ಕಂಡು ಸೆರಗು ಬಾಯಿಗಿಟ್ಟು ನಕ್ಕಿದ್ದರು. ನಾನು ‘ಉಂಟು’ ಎಂದರೆ ತರಗತಿಯೂ ನಗುತ್ತಿತ್ತು. ಇಲ್ಲಿಯವರು ‘ಅದೆ’ ಎನ್ನುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ನಾನೂ ಹಾಗೆಯೇ ಅನ್ನುತ್ತಿದ್ದೆ.

೧೯೮೧ರ ಜನಗಣತಿಗೆ ಮೇಷ್ಟರುಗಳನ್ನು ಹಾಕಿದರು. ಮೂಗೂರಿಗೆ ಹೋಗುವ ದಾರಿಯ ಕಡೆಗಿದ್ದ ಮಾದಯ್ಯನವರ ಬೀದಿ ನನ್ನ ಪಾಲಿಗೆ ಬಂತು. ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಇದ್ದದ್ದನ್ನು ಇದ್ದಂತೆ ಹೇಳುವುದು ಪ್ರಜೆಯ ಕರ್ತವ್ಯ, ವಿಶ್ವಾಸಿಯ ಕರ್ತವ್ಯವೂ ಅದೇ ಎಂದು ಹಿಂದಿನ ಭಾನುವಾರ ಪ್ರಾರ್ಥನೆಯಲ್ಲಿ ನಾನೇ ಮಾತನಾಡಿದ್ದೆ. ಮಾದಯ್ಯ ತಲೆದೂಗಿದ್ದರು.

ಮನೆಯ ಪಟ್ಟಿಯಲ್ಲಿ ಧರ್ಮಕ್ಕೆ ಇದ್ದದ್ದು ಒಂದೇ ಕಾಲಂ, ಯಜಮಾನನದು. ಮನೆಮಂದಿಯೆಲ್ಲ ಅದರೊಳಗೇ. ಮಾದಯ್ಯನವರ ಜಗಲಿಯಲ್ಲಿ ಕುಳಿತು, ಕೇಳದೆಯೇ ಕ್ರೈಸ್ತ ಎಂದು ಬರೆಯಹೊರಟೆ.

“ಇಂದೂ ಅಂತ ಬರ್ಕಳಿ ಸಾ,” ಎಂದರು ಮಾದಯ್ಯ.

ಅವರ ಮಗಳು ಮೈಸೂರಿನಲ್ಲಿ ಪರಿಶಿಷ್ಟ ಜಾತಿಯವರ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ; ಕ್ರೈಸ್ತರ ಮಗಳೆಂದು ಕಾಗದದ ಮೇಲೆ ಬಂದರೆ ಆ ಜಾಗ ಅವಳದಲ್ಲ. ಗಣತಿಯ ವಿವರ ಗುಟ್ಟಾಗಿರುತ್ತದೆ, ಹಾಸ್ಟೆಲಿನವರಿಗೆ ಯಾರೂ ತೋರಿಸುವುದಿಲ್ಲ ಎಂದೆ.

“ಗುಟ್ಟು ಅಂತೀರಿ. ಬರಿಯೋ ಕೈ ನಮ್ಮೂರ್ ಮೇಷ್ಟ್ರುದೇ ಅಲ್ವಾ?”

ಹಾಗಾದರೆ ಭಾನುವಾರದ ಪ್ರಾರ್ಥನೆ ಏನಾಯಿತು ಎಂದು ಕೇಳಿದೆ. ಕೇಳಬಾರದಿತ್ತು.

“ಅದು ದೇವ್ರಿಗೆ ಗೊತ್ತದೆ ಸಾ. ಗೊತ್ತಿಲ್ದೋರ್ಗೆ ತಾನೆ ನೀವು ಬರ್ಕಂಡ್ ಓಗೋದು?”

ನಿಯಮ ಸ್ಪಷ್ಟವಿತ್ತು: ಅವರು ಹೇಳಿದ್ದನ್ನು ಬರೆಯಬೇಕು, ನನಗೆ ಗೊತ್ತಿರುವುದನ್ನಲ್ಲ. ಬರೆದೆ. ಒಂದು ಅಕ್ಷರವನ್ನು ಎರಡು ಸಲ ತಿದ್ದಬೇಕಾಯಿತು. ಆಗ ಬಾಗಿಲ ಬಳಿ ನಿಂತಿದ್ದ ಚಿಕ್ಕತಾಯಮ್ಮ ಕೇಳಿದರು:

“ನನ್ನ ಕೇಳಕ್ಕೆ ಅದ್ರಲ್ಲಿ ಜಾಗ ಇಲ್ವಾ?”

ಇಲ್ಲ ಎಂದೆ.

“ಸರಿ ಬುಡಿ. ಕಾಪಿ ಕುಡ್ಕಂಡ್ ಓಗಿ.”

ಮುಂದಿನ ಭಾನುವಾರ ಚಿಕ್ಕತಾಯಮ್ಮ ಒಬ್ಬರೇ ಬಂದು ಎಲ್ಲರಿಗಿಂತ ಮುಂದಿನ ಚಾಪೆಯಲ್ಲಿ ಕುಳಿತರು. ಮಾದಯ್ಯ ಬರಲಿಲ್ಲ. ನಾಲ್ಕು ಭಾನುವಾರ ಬರಲಿಲ್ಲ. ನಾನು ಮನೆಗೆ ಹೋದಾಗಲೆಲ್ಲ ಹೊಲಕ್ಕೆ ಹೋಗಿದ್ದಾರೆ ಎಂಬ ಉತ್ತರ ಸಿಕ್ಕಿತು. ಅವರನ್ನು ದೂರ ಮಾಡಿದ್ದು ನಾನು ಬರೆದದ್ದಲ್ಲ, ಕೇಳಿದ್ದು. ಮಂಗಳೂರಿನಲ್ಲಿ ಕ್ರೈಸ್ತನೆನ್ನಿಸಿಕೊಳ್ಳಲು ನಾನು ಏನನ್ನೂ ಬಿಟ್ಟುಕೊಟ್ಟವನಲ್ಲ. ಅಂಥವನು ಆ ಜಗಲಿಯಲ್ಲಿ ಕುಳಿತು ಇನ್ನೊಬ್ಬರ ವಿಶ್ವಾಸಕ್ಕೆ ಸಾಕ್ಷಿ ಕೇಳಿದ್ದೆ. ಐದನೇ ಭಾನುವಾರ ದಾರಿಯಲ್ಲೇ ಮಾದಯ್ಯನವರನ್ನು ತಡೆದು ತಪ್ಪಾಯಿತು ಎಂದೆ. ಅವರು ಜೊತೆಗೆ ನಡೆದು ಬಂದರು, ಹಿಂದಿನ ಸಾಲಿನಲ್ಲಿ ಕುಳಿತರು. ಮಗಳು ಹಾಸ್ಟೆಲಿನಲ್ಲೇ ಉಳಿದು ಪಾಸಾದಳು.

ನನಗೆ ಈಗ ನಂಜನಗೂಡಿಗೆ ವರ್ಗವಾಗಿದೆ. ಕಳೆದ ಕ್ರಿಸ್‌ಮಸ್‌ಗೆ ಮಂಗಳೂರಿಗೆ ಹೋಗಿದ್ದಾಗ ನಮ್ಮ ಚರ್ಚಿನ ಸಭಾಪಾಲಕರು, “ನರಸೀಪುರದಲ್ಲಿ ನಮ್ಮವರದ್ದು ಎಷ್ಟು ಮನೆ ಉಂಟು?” ಎಂದು ಕೇಳಿದರು. ವರದಿಗೆ ಬೇಕಿತ್ತಂತೆ. ಹೇಳಲಿಕ್ಕೆ ಬರುವುದಿಲ್ಲ ಎಂದೆ. ಅಷ್ಟು ವರ್ಷ ಇದ್ದೂ ಗೊತ್ತಿಲ್ಲವೇ ಎಂದು ಅವರಿಗೆ ಬೇಸರವಾಯಿತು. ಗೊತ್ತಿತ್ತು. ಆದರೆ ಅವರ ಪುಸ್ತಕದಲ್ಲಿಯೂ ಒಂದು ಮನೆಗೆ ಒಂದೇ ಗೆರೆ ಇತ್ತು; ಮಾದಯ್ಯನವರ ಮನೆಯನ್ನು ಮತ್ತೊಮ್ಮೆ ಕಾಗದದ ಮೇಲೆ ತರುವುದು ನನಗೆ ಬೇಡವಾಗಿತ್ತು. ಆ ಗೆರೆಯನ್ನು ಖಾಲಿ ಬಿಡಲು ಹೇಳಿ ಎದ್ದೆ.