ಮಾವಳ್ಳಿಯಲ್ಲಿ ಪ್ರಸಾದ ಕೇಳಿದ ಸೋಮವಾರ

ದೇವರ ಬಲಭುಜಕ್ಕೆ ನೀರಿನಲ್ಲಿ ಅಂಟಿಸಿದ್ದ ಅಡಿಕೆ ಸಿಂಗಾರದ ಹೂವಿನೆಸಳು ಸ್ವಲ್ಪ ಜಾರಿ ಅಂಚಿಗೆ ಬಂದು ನಿಂತಿತು. ಕೆಳಗೆ ಬೀಳಲಿಲ್ಲ. ಎಡಭುಜದ್ದು ಅಲುಗಲೇ ಇಲ್ಲ. ಭಟ್ಟರು ಮತ್ತೊಮ್ಮೆ ಗಂಟೆ ಬಾರಿಸಿ, ಅದೇ ಮಾತನ್ನು ಮತ್ತೆ ಹೇಳಿ, ಪಕ್ಕಕ್ಕೆ ಸರಿದು ಕಾದರು. ಬಾಗಿಲ ಮುಂದೆ ಅಕ್ಕನ ಅತ್ತೆ ಕಣ್ಣು ಮುಚ್ಚಿ ನಿಂತಿದ್ದರು. ಅಕ್ಕ ಕಂಬಕ್ಕೆ ಒರಗಿ, ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಕುಳಿತಿದ್ದಳು. ಅವಳಿಗೆ ಆಗ ಐದು ತಿಂಗಳು ತುಂಬಿತ್ತು.

ಮದುವೆ, ಮನೆ, ಹೊಸ ದೋಣಿ, ಯಾವುದರಲ್ಲಿ ಮನಸ್ಸು ಹೊಯ್ದಾಡಿದರೂ ನಮ್ಮ ಕಡೆ ಹೀಗೆ ಪ್ರಸಾದ ಕೇಳುತ್ತೇವೆ. ಬಲಗಡೆಯ ಹೂ ಬಿದ್ದರೆ ಒಂದು ಉತ್ತರ, ಎಡಗಡೆಯದು ಬಿದ್ದರೆ ಇನ್ನೊಂದು. ನನ್ನನ್ನು ಎಂ.ಎಸ್ಸಿ. ಓದಲು ಧಾರವಾಡಕ್ಕೆ ಕಳಿಸಬೇಕೇ ಎಂದು ಅಮ್ಮ ಕೇಳಿದ್ದೂ ಹೀಗೆಯೇ. ಆಗ ಬಲಗಡೆಯ ಹೂ ತಡವಿಲ್ಲದೆ ಬಿದ್ದಿತ್ತು, ನಾನು ಅದನ್ನು ಪುಸ್ತಕದಲ್ಲಿಟ್ಟುಕೊಂಡು ಹೋಗಿದ್ದೆ. ಈಗ ಕುಮಟಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ದೇವರಿಗೆ ಕೈಮುಗಿಯುವುದನ್ನು ಬಿಟ್ಟಿಲ್ಲ.

ಆ ಸಂಜೆಯ ಪ್ರಶ್ನೆ ಇಷ್ಟು: ಗರ್ಭವನ್ನು ಉಳಿಸಿಕೊಳ್ಳುವುದಾದರೆ ಬಲ, ತೆಗೆಸುವುದಾದರೆ ಎಡ.

ಭಟ್ಕಳದಲ್ಲಿ ಸ್ಕ್ಯಾನಿಂಗ್ ಮಾಡಿದವರು ಏನನ್ನೂ ಬಿಡಿಸಿ ಹೇಳದೆ ಕುಮಟಾಕ್ಕೆ ಕಳಿಸಿದ್ದರು. ಅಲ್ಲಿಯ ಡಾಕ್ಟರಮ್ಮ ತಾವೇ ಮತ್ತೆ ನೋಡಿ, ಅಕ್ಕನನ್ನು ಎದುರು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಮಗುವಿಗೆ ಎರಡೂ ಮೂತ್ರಪಿಂಡಗಳು ಬೆಳೆದಿಲ್ಲ. ಗರ್ಭದೊಳಗೆ ನೀರಿಲ್ಲದ್ದರಿಂದ ಶ್ವಾಸಕೋಶವೂ ಬೆಳೆಯುವುದಿಲ್ಲ. ಹುಟ್ಟಿದರೂ ಅದು ಉಸಿರಾಡಲಾರದು. ಹಿಂದಿನ ಕಾನೂನಾಗಿದ್ದರೆ ಇಷ್ಟರಲ್ಲಿ ಅವಧಿ ಮೀರಿಹೋಗುತ್ತಿತ್ತು, ಈಗ ಅದು ಸಡಿಲಾಗಿರುವುದರಿಂದ ಇನ್ನೂ ಸ್ವಲ್ಪ ಸಮಯವಿದೆ ಎಂದರು. ತೆಗೆಸುವುದೋ ಬಿಡುವುದೋ ನಿಮ್ಮ ನಿರ್ಧಾರ, ಆದರೆ ತಡವಾದಷ್ಟೂ ನಿಮ್ಮ ದೇಹಕ್ಕೆ ಕಷ್ಟ, ಆಮೇಲೆ ವೈದ್ಯರ ಮಂಡಳಿಯ ಒಪ್ಪಿಗೆಗೆ ಅಲೆಯಬೇಕಾದೀತು ಎಂದರು. ಅಕ್ಕ ಒಂದೇ ಪ್ರಶ್ನೆ ಕೇಳಿದಳು. ಮಗುವಿಗೆ ನೋವಾಗುತ್ತದೆಯೇ ಎಂದು.

ಭಾವ ಬೋಟಿನಲ್ಲಿದ್ದರು. ಫೋನಿನಲ್ಲಿ ಅತ್ತು, ಅಮ್ಮ ಹೇಳಿದ ಹಾಗೆ ಮಾಡಿ ಎಂದುಬಿಟ್ಟರು. ಅವರ ಅಮ್ಮ, ಅಂದರೆ ಅಕ್ಕನ ಅತ್ತೆ, ಕೆಟ್ಟವರಲ್ಲ. ಆದರೆ ದೀಪದ ಎದುರು ಕೊಟ್ಟ ಮಾತನ್ನು ದೇವರನ್ನು ಕೇಳದೆ ಮುರಿಯುವುದಕ್ಕೆ ಬರುವುದಿಲ್ಲ ಎಂದು ಅವರು ಪಟ್ಟು ಹಿಡಿದಿದ್ದರು.

ಆ ಮಾತು ಕೊಟ್ಟಿದ್ದು ನವರಾತ್ರಿಯಲ್ಲಿ, ಇದೇ ದೇವಸ್ಥಾನದ ಪೌಳಿಯಲ್ಲಿ. ಹೆಂಗಸರ ಭಜನಾ ಮಂಡಳಿಯನ್ನು ನಡೆಸುವವರು ಮಂಕಿಯ ನಿವೃತ್ತ ಅಕ್ಕೋರು. ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ಅವರು ಘಟ್ಟದ ಮೇಲಿನಿಂದ ಒಬ್ಬ ಪ್ರವಚನಕಾರರನ್ನು ಕರೆಸಿದ್ದರು. ಪ್ರವಚನಕಾರರು ಗರ್ಭಪಾತದ ಕಾನೂನು ಸಡಿಲಾಗಿರುವುದರ ಬಗ್ಗೆ ಮಾತಾಡಿದರು. ಹೆಣ್ಣೆಂದು ಗೊತ್ತಾದೊಡನೆ ಬಸಿರು ತೆಗೆಸಿದ ಮನೆಗಳ ಕಥೆ ಹೇಳಿದರು. ಅದು ಸುಳ್ಳಲ್ಲ. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬರು ಕಣ್ಣೊರೆಸಿಕೊಂಡರು. ಆದರೆ ಕಾನೂನು ಯಾರಿಗಾಗಿ ಸಡಿಲಾಗಿದೆ ಎಂಬುದನ್ನು ಅವರು ಹೇಳಲಿಲ್ಲ. ನಾನು ಅದನ್ನು ಓದಿದ್ದೆ. ಕೊನೆಗೆ, ನಮ್ಮ ಮನೆಯಲ್ಲಿ ಯಾವ ಕಾರಣಕ್ಕೂ ಗರ್ಭ ತೆಗೆಸುವುದಿಲ್ಲ ಎಂದು ಹೇಳಿ ಎಲ್ಲರೂ ದೀಪದ ಬುಡಕ್ಕೆ ಅಕ್ಷತೆ ಹಾಕಬೇಕು ಎಂದರು. ಅಕ್ಕೋರು ತಟ್ಟೆ ಹಿಡಿದು ಒಬ್ಬೊಬ್ಬರ ಎದುರೂ ನಿಂತರು. ಯಾವ ಕಾರಣಕ್ಕೂ ಎಂದರೆ ಹೇಗೆ ಎಂದು ಕೇಳಬೇಕೆನಿಸಿತು. ಅಷ್ಟು ಜನರ ನಡುವೆ, ಪಾಠ ಹೇಳಿದವರ ಎದುರು, ಬಾಯಿ ಬರಲಿಲ್ಲ. ಅಕ್ಕಿ ತೆಗೆದುಕೊಂಡೆ. ಹಾಕಿದೆ. ಆಗ ಅಕ್ಕನ ಬಸಿರು ಹೊರಗೆ ಕಾಣುತ್ತಿರಲಿಲ್ಲ. ಫ್ಯಾನಿನ ಕೆಳಗೆ ಜಾಗ ಬಿಡಿ, ಇಲ್ಲಿ ಇಬ್ಬರಿದ್ದೇವೆ ಎಂದು ನಗುತ್ತ ಅವಳು ನನ್ನ ಪಕ್ಕ ಕುಳಿತಿದ್ದಳು.

ಸೋಮವಾರ ಹೂ ಬೀಳಲೇ ಇಲ್ಲ. ದೇವರು ಸುಮ್ಮನಿದ್ದಾನೆ, ಮುಂದಿನ ಸೋಮವಾರ ಮತ್ತೆ ಕೇಳುವ ಎಂದು ಭಟ್ಟರು ತೀರ್ಥ ಕೊಟ್ಟರು. ಅತ್ತೆ ಆಗಲಿ ಎಂಬಂತೆ ತಲೆಯಾಡಿಸಿದರು. ಡಾಕ್ಟರಮ್ಮ ತಡ ಮಾಡಬೇಡಿ ಎಂದಿದ್ದು ನನಗೆ ನೆನಪಿತ್ತು. ಆಗಲೂ ನಾನು ತೀರ್ಥ ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡೆ, ಅಷ್ಟೆ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅಕ್ಕ ಬಗ್ಗಲಾರದೆ ನನ್ನ ಹೆಗಲು ಹಿಡಿದಳು.

“ಅಂದು ನೀ ಹಾಕ್ತೀಯಾ ಇಲ್ವಾ ಅಂತ ನೋಡ್ತಾ ಇದ್ದೆ,” ಎಂದಳು. “ನೀ ಹಾಕಿದಿ. ಓದಿದವಳೇ ಹಾಕಿದ ಮೇಲೆ ನಂದೆಂತ ಅಂತ ನಾನೂ ಹಾಕಿದೆ.”

ನಾನು ಬಗ್ಗಿ ಅವಳ ಚಪ್ಪಲಿಯನ್ನು ಕಾಲಿನ ಮುಂದೆ ಸರಿಸಿದೆ.

“ಬೈಯುದಲ್ಲ ನಿಂಗೆ. ಡಾಕ್ಟರು ಹೇಳಿದ್ದು ನಂಗೆ ಅರ್ಥ ಆಗದೆ ಇಲ್ಲ. ಆದ್ರೆ ಅವ್ರು ಡಾಕ್ಟರು. ದೇವರಿಗೆ ಕೈಮುಗಿಯೂ ಜನ ಒಬ್ರಾದ್ರೂ ನನ್ನ ಬದಿಗೆ ಇದ್ರೆ ಆಸ್ಪತ್ರೆಗೆ ಹೋಗುಕೆ ಧೈರ್ಯ ಬರ್ತಿತ್ತು.”

ಮನೆಯ ತನಕ ಅವಳ ಹಿಂದೆ ನಡೆದೆ. ನಾಚಿಕೆ ಎಂದರೆ ಮುಖ ಬಿಸಿಯಾಗುವುದು ಎಂದುಕೊಂಡಿದ್ದೆ. ಅಂದು ಕೈಕಾಲು ತಣ್ಣಗಾಗಿದ್ದವು. ನಾನು ಮಾತಾಡದೆ ಇರುವುದನ್ನು ಜನ ಗಾಂಭೀರ್ಯ ಎನ್ನುತ್ತಾರೆ. ನಾನೂ ಅದನ್ನು ಒಳ್ಳೆಯ ಗುಣವೆಂದೇ ನಂಬಿಕೊಂಡು ಬಂದಿದ್ದೆ. ಕಾನೂನು ಬೇಡ ಎನ್ನುವವರೆಲ್ಲ ದೈವಭಕ್ತರು, ಬೇಕು ಎನ್ನುವವರೆಲ್ಲ ದೇವರನ್ನು ಬಿಟ್ಟವರು, ಆ ಜಗಳ ನನ್ನದಲ್ಲ ಎಂದು ಎರಡರ ನಡುವೆ ಅಡಗಿ ಕುಳಿತಿದ್ದೆ. ಅಕ್ಕ ಅಲ್ಲಿ ನನ್ನನ್ನು ಹುಡುಕುತ್ತಿದ್ದಳು ಎಂಬುದು ನನಗೆ ತಿಳಿದಿರಲಿಲ್ಲ.

ಜಗಲಿಯಲ್ಲಿ ಅತ್ತೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ನಾನು ಎದುರು ಕುಳಿತೆ. ಆ ಅಕ್ಷತೆಯನ್ನು ನಾನು ಮನಸ್ಸಿಟ್ಟು ಹಾಕಿದ್ದಲ್ಲ, ಎಲ್ಲರೂ ನೋಡುತ್ತಾರೆಂದು ಹಾಕಿದ್ದು ಎಂದೆ. ನನ್ನನ್ನು ನೋಡಿ ಅಕ್ಕನೂ ಹಾಕಿದಳು, ಹಾಗಾಗಿ ಅದರ ತಪ್ಪೇನಿದ್ದರೂ ನನ್ನ ತಲೆಗೆ ಎಂದೆ.

ಅತ್ತೆ ಬತ್ತಿಯಿಂದ ಕಣ್ಣೆತ್ತಲಿಲ್ಲ. “ಹಂಗಾರೆ ದೇವರ ಎದುರು ನಾಟಕ ಮಾಡಿದ್ಯಾ? ಕಾಲೇಜಲ್ಲಿ ಮಕ್ಕಳಿಗೆ ಎಂತ ಕಲಿಸ್ತೀಯೇ ನೀನು?”

ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಮೆಲ್ಲಗೆ ಮಾತಾಡಿದಳು.

“ಅತ್ತೆ, ದೇವರ ಹತ್ರ ನೀವು ಕೇಳಿದ್ರಿ, ಭಟ್ರು ಕೇಳಿದ್ರು. ಎಂತ ಕೇಳಬೇಕು ಅಂತ ನನ್ನ ಹತ್ರ ಯಾರೂ ಕೇಳಲಿಲ್ಲ.”

“ನೀ ಎಂತ ಕೇಳುಕಿತ್ತು?”

“ಕೇಳುಕೆ ಎಂತದೂ ಇಲ್ಲ. ಅದು ಉಳಿಯುದಿಲ್ಲ ಅಂತ ಗೊತ್ತುಂಟು. ಉಸಿರು ಸಿಗದೆ ಒದ್ದಾಡೂದು ನೋಡುಕೆ ನನ್ನ ಹತ್ರ ಆಗುದಿಲ್ಲ. ನಾ ಹೋಗ್ತೆ, ನನ್ನ ಕೈ ಬಿಡಬೇಡ ಅಂತ ದೇವರಿಗೆ ಹೇಳಬೇಕಿತ್ತು. ಅಷ್ಟೇ.”

ಅತ್ತೆ ಬತ್ತಿ ಹೊಸೆಯುತ್ತಲೇ ಅಕ್ಕನಿಗೂ ಗೊತ್ತಿರದ ಒಂದು ಸಂಗತಿ ಹೇಳಿದರು. ಭಾವನಿಗಿಂತ ಮೊದಲು ಅವರಿಗೊಂದು ಹೆಣ್ಣು ಹುಟ್ಟಿತ್ತು. ಗೇರುಸೊಪ್ಪೆಯ ತವರುಮನೆಯಲ್ಲಿ. ಅದಕ್ಕೆ ಉಸಿರು ಸರಿಯಾಗಿ ಬರುತ್ತಿರಲಿಲ್ಲ, ಬೆಳಗಿನ ತನಕ ಅದನ್ನು ಎದೆಗೆ ಹಿಡಿದು ಕುಳಿತಿದ್ದರು. ಅದನ್ನು ಅಳದೆ ಹೇಳಿದರು. ಹೇಳಿ ಮುಗಿಸಿ, ಬತ್ತಿಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು.

“ಆತು,” ಎಂದರು. “ನಾಳೆ ಬೆಳಗಿನ ಬಸ್ಸಿಗೇ ಹೋಗುವ. ಭಟ್ರಿಗೆ ನಾನೇ ಹೇಳ್ತೆ.”

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಫೋನು ಮಾಡಿ ರಜೆ ಹೇಳಿದೆ. ಮೂವರೂ ಕುಮಟಾದ ಬಸ್ಸು ಹತ್ತಿದೆವು. ಅಕ್ಕ ಮತ್ತು ಅತ್ತೆ ಒಂದು ಸೀಟಿನಲ್ಲಿ, ನಾನು ಅವರ ಹಿಂದೆ. ಮಂಕಿಯಲ್ಲಿ ಅಕ್ಕೋರು ಹತ್ತಿದರು. ನಮ್ಮನ್ನು ಕಂಡದ್ದೇ ಅವರ ಮುಖ ಅರಳಿತು. ಮೂರೂ ಜನ ಎಲ್ಲಿಗೆ ಹೊರಟಿರಿ ಎಂದು ಕೇಳುತ್ತ ಅಕ್ಕನ ಹೊಟ್ಟೆಯ ಕಡೆ ನೋಡಿದರು.

“ಕುಮಟಾಕ್ಕೆ, ಚೆಕಪ್ಪಿಗೆ,” ಎಂದೆ. ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಎಂದುಬಿಟ್ಟೆ.

ಒಳ್ಳೇದಾಗಲಿ ಎಂದು ಹರಸಿ ಅವರು ಮುಂದೆ ಹೋಗಿ ಕುಳಿತರು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಅತ್ತೆ ಮಾತ್ರ ಹಿಂದಕ್ಕೆ ತಿರುಗಿ ಒಮ್ಮೆ ನನ್ನನ್ನು ನೋಡಿದರು. ಹೊಳೆಯ ಈಚೆಯ ಕಾಸರಕೋಡು ದಾಟುವ ತನಕ ನನಗೆ ತಲೆ ಎತ್ತಲಾಗಲಿಲ್ಲ. ಶರಾವತಿ ಸೇತುವೆ ಬಂತು. ಮುಂದಕ್ಕೆ ಬಾಗಿ, ಹೇಳಲೇ ಎಂದು ಅಕ್ಕನನ್ನು ಕೇಳಿದೆ.

“ಹೇಳು,” ಎಂದಳು.

ಸರಳು ಹಿಡಿದುಕೊಂಡು ಹೋಗಿ ಅಕ್ಕೋರ ಪಕ್ಕದಲ್ಲಿ ಕುಳಿತೆ. ಚೆಕಪ್ಪಿಗಲ್ಲ ಅಕ್ಕೋರೇ ಎಂದು ಶುರುಮಾಡಿದೆ. ಮಗುವಿನ ಸ್ಥಿತಿ ಹೇಳಿದೆ, ಡಾಕ್ಟರಮ್ಮ ಹೇಳಿದ್ದು ಹೇಳಿದೆ, ಕಾನೂನು ಸಡಿಲಾಗಿದ್ದು ಇಂಥವರಿಗೂ ಹೌದು ಎಂದೆ. ನವರಾತ್ರಿಯಲ್ಲಿ ನಂಬದೆ ಅಕ್ಷತೆ ಹಾಕಿದೆ, ಇನ್ನೊಮ್ಮೆ ಹಾಗೆ ಮಾತು ತೆಗೆದುಕೊಳ್ಳುವುದಾದರೆ ನಾನು ಎದ್ದು ಬೇಡ ಎನ್ನುತ್ತೇನೆ ಎಂದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅಕ್ಕೋರು ಪೂರ್ತಿ ಕೇಳಿಸಿಕೊಂಡರು. ಹಿಂದೆ ಕುಳಿತಿದ್ದ ಅಕ್ಕನ ಕಡೆ ಒಮ್ಮೆ ನೋಡಿದರು.

“ಅವತ್ತೇ ಹೇಳುಕೆ ಎಂತ ಆಗಿತ್ತೇ ನಿಂಗೆ?” ಎಂದರು.

ಹೊನ್ನಾವರದಲ್ಲಿ ಅವರು ಇಳಿಯುವ ತನಕ ಅಲ್ಲೇ, ಅವರ ಪಕ್ಕದಲ್ಲೇ ಕುಳಿತಿದ್ದೆ. ಆಮೇಲೆ ಹಿಂದಕ್ಕೆ ಹೋಗಿ ಅಕ್ಕನ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.